ಏಳನೆಯ ಪಟ್ಟಿ

ಮುತ್ತಣ್ಣ ಶೇಂಗಾದ ಸಾಲಿಗೆ ಸಲಿಕೆ ಹಾಕುವಷ್ಟರಲ್ಲಿ ಅಝೀಮ ಅವನ ಕೈ ಹಿಡಿದುಕೊಂಡ.

"ಇಲ್ಲಿ ಬ್ಯಾಡ. ಆ ಕಡಿಗೆ ಖಾಲಿ ಜಾಗ ಐತಿ, ಅಲ್ಲೇ ತಗೀರಿ."

ತೀರಿಕೊಂಡ ನೀಲಪ್ಪನ ಕುಣಿಯನ್ನು ಅವನ ಹೊಲದಲ್ಲೇ ತೋಡುವುದೆಂದು ಬೆಳಿಗ್ಗೆಯೇ ಮಾತಾಗಿತ್ತು. ದಾರಿಯ ಪಕ್ಕದಲ್ಲಾದರೆ ಹೆಣ ಕೂರಿಸಿದ ವಿಮಾನ ಹೊತ್ತು ತರುವುದು ಸಲೀಸು ಎಂದು ಅಣ್ಣನ ಮಗ ಮುತ್ತಣ್ಣನ ವಾದ. ಹೇಗೂ ಬಿತ್ತನೆ ಕೆಟ್ಟಿದೆ, ಕಾಕಾನಿಗೆ ಕೊನೆಗಾಲಕ್ಕೆ ಸಾಲು ಎಣಿಸುವ ನೆದರೂ ಉಳಿದಿರಲಿಲ್ಲ ಎಂದ. ಯಾರೂ ಅಲ್ಲಗಳೆಯಲಿಲ್ಲ. ಯಳವತ್ತಿಯಲ್ಲಿ ಯಾರ ಬಿತ್ತನೆ ಸೊಟ್ಟಗಿದೆ ಎಂಬುದು ಅವರವರ ಜಾತಕಕ್ಕಿಂತ ಚೆನ್ನಾಗಿ ಊರಿಗೆ ಗೊತ್ತಿರುತ್ತದೆ. ಜೀವಮಾನವಿಡೀ ನಾಲ್ಕು ಸಾಲು ಶೇಂಗಾಕ್ಕೆ ಒಂದು ಸಾಲು ತೊಗರಿ ಹಾಕಿದ ನೀಲಪ್ಪ, ಈ ವರ್ಷ ಮನಸ್ಸಿಗೆ ಬಂದಂತೆ ಹಾಕಿದ್ದ.

ಬದುವಿನ ಮೇಲೆ ನಿಂತಿದ್ದ ಮಗಳು ಶೈಲಾ ಸುಮ್ಮನೆ ಎಣಿಸಿದಳು. ಶೇಂಗಾ ಒಂದು ಸಾಲು, ತೊಗರಿ. ಶೇಂಗಾ ನಾಲ್ಕು, ತೊಗರಿ. ಎರಡು, ತೊಗರಿ. ಎಂಟು. ಐದು. ಏಳು. ಅವಳು ಬದುವಿನ ಮೇಲೇ ಕುಳಿತು ಮೊದಲಿನಿಂದ ಮತ್ತೊಮ್ಮೆ ಎಣಿಸಿದಳು.

*

ಎರಡು ವರ್ಷದ ಹಿಂದಿನ ದೀಪಾವಳಿ. ನಾಲ್ಕನೇ ಇಯತ್ತೆ ಓದಿದ ನೀಲಪ್ಪ, ಬೀಜದ ಚೀಲದ ಮೇಲಿದ್ದ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ: ೧೪೨೮೫೭. ಎರಡರಿಂದ ಗುಣಿಸಿದರೆ ೨೮೫೭೧೪. ಮೂರರಿಂದ ೪೨೮೫೭೧.

"ಅವ ಆರು ಅಂಕಿ, ಅದ ಸರದಿ. ಗಾಣದ ಎತ್ತಿನಂಗ ಸುತ್ತತಾವು. ಆರರ ತನಕಾ ಹಿಂಗ, ನೋಡವಾ."

ಮುಂಡರಗಿಯಲ್ಲಿ ಗಣಿತ ಕಲಿಸುವ ಶೈಲಾ ಉತ್ತರಪತ್ರಿಕೆಗಳಿಂದ ತಲೆ ಎತ್ತಲಿಲ್ಲ.

"ಅದು ಎಲ್ಲಾ ಪುಸ್ತಕದಾಗೂ ಐತಿ, ಅಪ್ಪಾ. ಹಳೇದು."

ನೀಲಪ್ಪ ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡ. ಆಮೇಲೆ ಫೋನಿನಲ್ಲಿ ಮಳೆ, ಊಟ, ಅವ್ವನ ಮೊಣಕಾಲು, ಇಷ್ಟೇ. ತನ್ನ ಒಂದು ಮಾತಿನಿಂದ ಅಪ್ಪನ ಖುಷಿ ಸತ್ತುಹೋಯಿತೆಂದು ಶೈಲಾ ಎರಡು ವರ್ಷ ಒಳಗೊಳಗೇ ಬೆಂದಿದ್ದಳು. ಕೇಳಲು ನಾಚಿಕೆಯಾಗಿತ್ತು. ಇಂದು ಕೇಳೋಣವೆಂದರೆ ಅವನೇ ಇಲ್ಲ.

*

ಅಝೀಮ ಬಂದು ಪಕ್ಕದಲ್ಲಿ ಕುಳಿತ. ಈ ಹೊಲವನ್ನು ನೀಲಪ್ಪನ ಜೊತೆ ನಿಂತು ಬಿತ್ತಿದವನು ಅವನೇ. ಅಪ್ಪ ತನ್ನ ಮೇಲೆ ಬೇಜಾರಾಗಿದ್ದನೇ ಎಂದು ಶೈಲಾ ಕೇಳಿಯೇಬಿಟ್ಟಳು.

"ಬೇಜಾರ್‍ಯಾಕ? ಪುಸ್ತಕದಾಗ ಐತಿ ಅಂದ್ರ ನನ್ನ ಲೆಕ್ಕ ಖರೇನ ಐತಿ ಅಂತ ನನ್ನ ಮುಂದ ಹತ್ತ ಸಲ ಹೇಳ್ಯಾನ. ಒಂದೊಂದು ಗುಣಾಕಾರಕ್ಕ ಹೊಲದಾಗ ಒಂದೊಂದು ಪಟ್ಟಿ, ಆರು ಪಟ್ಟಿ ಬಿತ್ತಿಸಿದ. ಏಳರಿಂದ ಗುಣಿಸಿದ್ರ ಎಲ್ಲಾ ಒಂಬತ್ತ ಬಂದುವು. ಯಾಕಂತ ತಿಳೀಲಿಲ್ಲ. ಶೈಲಾ ಬರಲಿ, ಕೇಳಿ ಬಿತ್ತೂಣು ಅಂತ ಆ ಜಾಗ ಹಂಗ ಬಿಟ್ಟ."

ಬರುತ್ತೇನೆಂದು ಹೇಳಿ ಈ ಮುಂಗಾರಿನಲ್ಲಿ ಅವಳು ಎರಡು ಸಲ ತಪ್ಪಿಸಿದ್ದಳು. ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು.

ಕುಣಿ ಖಾಲಿ ಪಟ್ಟಿಯಲ್ಲೇ ಆಯಿತು. ನೀಲಪ್ಪನನ್ನು ಒಳಗೆ ಕೂಡಿಸಿ, ವಿಭೂತಿ, ಬಿಲ್ವಪತ್ರೆ ಹಾಕಿ ಮಣ್ಣು ಮುಚ್ಚಿದರು. ಮುತ್ತಣ್ಣ ಎಲ್ಲರನ್ನೂ ಜಳಕಕ್ಕೆ ಹೊರಡಿಸಿದ. ತಾಯಿ ಅಮೃತವ್ವ ಮಗಳ ತೋಳು ಹಿಡಿದಳು. ಸಮಾಧಿಯ ಪಕ್ಕ ಕುಳಿತಿದ್ದ ಶೈಲಾ ಏಳಲಿಲ್ಲ. ಹಸಿ ಮಣ್ಣಿನ ಮೇಲೆ ಬೆರಳಿನಿಂದ ಬರೆಯತೊಡಗಿದಳು.

"ಒಂಬತ್ತ ಯಾಕಂದ್ರ, ಒಂದನ್ನ ಏಳರಿಂದ ಭಾಗಿಸಿದ್ರ ನಿನ್ನ ಆರು ಅಂಕಿ ಬರತಾವು, ಅಪ್ಪಾ. ಹತ್ತರಾಗ ಏಳು ಒಂದ ಸಲ, ಉಳೀತು ಮೂರು. ಮೂವತ್ತರಾಗ ನಾಕ ಸಲ, ಉಳೀತು ಎರಡು..."

ಮಂದಿ ಬದುವಿನ ಮೇಲೆ ಕಾಯುತ್ತ ನಿಂತರು. ಅವಳು ಒಂದೊಂದೇ ಅಂಕಿ ಬರೆದು ಮೊಣಕಾಲೂರಿ ಸರಿಯುತ್ತ ಸರಿಯುತ್ತ, ಸಮಾಧಿಯನ್ನು ಅರ್ಧ ಸುತ್ತಿದ್ದಳು.