ಎರಡನೇ ಎಳೆತ

ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಜೊತೆ ಚಪ್ಪಲಿಯ ನೆರಳು ಅತ್ತಿತ್ತ ಆಡುತ್ತಿದೆ, ಒಂದು ಡಾಕ್ಟರದ್ದು, ಇನ್ನೊಂದು ನರ್ಸಮ್ಮನದ್ದು, ಮೂಟೆಯ ಕಾಲು ಕಾಣುವುದಿಲ್ಲ, ಕಾಣುವುದಾದರೂ ಹೇಗೆ, ಅವನನ್ನು ಮಂಚದ ಮೇಲೆ ಮಲಗಿಸಿದ್ದಾರೆ, ನಾಲ್ಕು ತುಂಬಿದರೂ ಹತ್ತು ಹೆಜ್ಜೆಗೊಮ್ಮೆ ಎತ್ತಿಕೋ ಎನ್ನುವವನು, ಅದಕ್ಕೇ ಮನೆಯಲ್ಲಿ ಅವನು ಮೂಟೆ — ಅಳುವ ಸದ್ದಿಲ್ಲ, ಅಳಬಾರದೇ, ಅತ್ತಿದ್ದರೆ ಎಷ್ಟೋ ವಾಸಿಯಿತ್ತು ಎಂದುಕೊಂಡು ಅಪ್ಪ ಅಂಗೈಯನ್ನು ಮತ್ತೆ ಪ್ಯಾಂಟಿಗೆ ಒರೆಸಿಕೊಂಡ, ಎರೆಹುಳುವಿನ ಮಣ್ಣು ಉಗುರಸಂದಿಯಲ್ಲಿ ಹಾಗೇ ಇದೆ, ನೀವು ಹೊರಗೇ ಇರಿ, ಈ ಮಣ್ಣು ಕೈಯಲ್ಲಿ ಒಳಗೆ ಬರಬೇಡಿ ಎಂದಿದ್ದಳು ನರ್ಸಮ್ಮ, ಹದಿನಾಲ್ಕು ವರ್ಷ ಲಿಫ್ಟ್ ರಿಪೇರಿ ಮಾಡಿದ ಕೈ, ಹತ್ತನೇ ಮಹಡಿಯಿಂದ ಲಿಫ್ಟಿನ ಬಾವಿಯೊಳಗೆ ನೇತಾಡುವಾಗಲೂ ಹಿಡಿತ ತಪ್ಪದ್ದು. ಪಕ್ಕದ ಕುರ್ಚಿಯಲ್ಲಿ ಮಗಳು ಕಾಲು ಅಲ್ಲಾಡಿಸದೆ ಕೂತಿದ್ದಾಳೆ, ಎಂಟು ವರ್ಷ, ಮಾತಿಗೆ ಮಾತು ಪೋಣಿಸಿ ಎಲ್ಲರ ಬಾಯಿ ಮುಚ್ಚಿಸುವ ಮನೆಯ ವಕೀಲಮ್ಮ, ಕೆರೆ ಬಿಟ್ಟಾಗಿನಿಂದ ತುಟಿ ಬಿಚ್ಚಿಲ್ಲ, ಏನಾದರೂ ಕೇಳಬಾರದೇ ಇವಳು, ಕೇಳದಿದ್ದರೆ ಸಾಕು ಎಂದೂ ಅನ್ನಿಸುತ್ತದೆ.

ನೀರು ಕಣ್ರೀ, ಮೈಯೆಲ್ಲ ಕಣ್ಣಾಗಿರಿ ಎಂದು ಹೇಳಿಯೇ ಬೆಳಿಗ್ಗೆ ಅವರಮ್ಮ ಔಷಧಿ ಅಂಗಡಿಯ ಕೆಲಸಕ್ಕೆ ಹೊರಟಿದ್ದು, ಮೂರು ವಾರದಿಂದ ಮಕ್ಕಳು ಮೀನು ಮೀನು ಎಂದು ಪ್ರಾಣ ತಿಂದ ಮೇಲೆ ಕೊನೆಗೂ ಇವನಿಗೆ ಸಿಕ್ಕ ರಜೆ, ಮೈಯೆಲ್ಲ ಕಣ್ಣಾಗಿಯೇ ಇದ್ದನಲ್ಲ, ಕಣ್ಣು ಮಿಟುಕಿಸುವುದಕ್ಕೂ ಲೆಕ್ಕವಿಟ್ಟವನ ಹಾಗೆ, ದಡಕ್ಕೆ ಬಂದ ಕೂಡಲೇ ಮೂಟೆಯ ಸೊಂಟಕ್ಕೆ ಹಗ್ಗ ಕಟ್ಟಿದ್ದ, ಇನ್ನೊಂದು ತುದಿ ಮರಕ್ಕೆ, ನೀರಿಗೆ ಒಂದು ಮಾರು ದೂರದಲ್ಲೇ ಅವನು ನಿಲ್ಲುವ ಹಾಗೆ ಅಳೆದು, ಅಪ್ಪ ಇವನೇನು ಕರುವಾ ಎಂದು ಮಗಳು ನಕ್ಕಿದ್ದಳು, ಕರುವೇ ಅಂದ್ಕೋ, ಕಟ್ಟಿದ ಕರು ಮುಳುಗಲ್ಲ ಎಂದಿದ್ದ ಇವನು, ಆ ಗಂಟಿನ ಮೇಲೆ ಎಷ್ಟು ಹೆಮ್ಮೆ, ಜಗ್ಗಿದರೆ ಇನ್ನೂ ಬಿಗಿಯುವ ಗಂಟು — ಆದರೆ ಹಗ್ಗ ನಿಲ್ಲಿಸಿದ್ದು ಅವನನ್ನು ಸರಿಯಾಗಿ ತನ್ನ ಬೆನ್ನ ಹಿಂದೆ, ಗಾಳದ ಕೋಲು ಬೀಸುವ ದಾರಿಯಲ್ಲಿ, ನೀರನ್ನೇ ನೋಡುತ್ತಿದ್ದವನಿಗೆ ಬೆನ್ನು ಎಂಬುದೊಂದಿದೆ ಎಂದು ಹೊಳೆಯಲಿಲ್ಲ. ಮೀನು ಹುಳುವನ್ನಷ್ಟೇ ತಿಂದು ಗಾಳ ಬಿಟ್ಟು ಹೋಗುತ್ತಿತ್ತು, ನಮಗಿಂತ ಜಾಣ ಮೀನು ಎಂದಳು ಮಗಳು, ಸ್ವಲ್ಪ ದೂರಕ್ಕೆ ಹಾಕೋಣ ಎಂದು ಎದ್ದು ಕೋಲನ್ನು ಹಿಂದಕ್ಕೆ ಬೀಸಿ ಮುಂದಕ್ಕೆ ತಂದರೆ ದಾರ ಬರಲಿಲ್ಲ, ಎಲ್ಲೋ ಪೊದೆಗೆ ಸಿಕ್ಕಿತು, ಹಾಳಾದ್ದು, ಎಳೆದ, ಬರಲಿಲ್ಲ, ಆಗ ತಿರುಗಬೇಕಿತ್ತು, ಸಿಕ್ಕಿಕೊಂಡದ್ದನ್ನು ಎಳೀಬೇಡ, ಮೊದಲು ಹೋಗಿ ನೋಡು — ಲಿಫ್ಟಿನ ಕೆಲಸಕ್ಕೆ ಸೇರಿದವರಿಗೆಲ್ಲ ತಾನೇ ಮೊದಲ ದಿನ ಹೇಳುವ ಮಾತು, ಒಂದು ಉಸಿರಿನ ಹೊತ್ತು ಇತ್ತು, ಅಷ್ಟು ಹೊತ್ತಿನಲ್ಲಿ ಬೆಟ್ಟವೂ ತಿರುಗಿ ನೋಡಬಹುದಿತ್ತು, ಅವನು ಮತ್ತೆ ಎಳೆದ, ಈ ಸಲ ಮೊಣಕೈಯ ಬಲ ಸೇರಿಸಿ, ಸಿಟ್ಟಿನಿಂದ. ಅಪ್ಪ ನಿಲ್ಲು ಎಂದಳು ಮಗಳು, ತಿರುಗಿದ, ತನ್ನ ಕೋಲಿನಿಂದ ನೆಟ್ಟಗೆ ಹೋದ ದಾರ, ತುದಿಯಲ್ಲಿ ಮೂಟೆಯ ಎಡ ಹುಬ್ಬು, ಚರ್ಮ ಗುಡಾರದ ಹಾಗೆ ಮೇಲೆದ್ದಿದೆ, ರಕ್ತ ಇನ್ನೂ ಬಂದಿಲ್ಲ, ಮಗು ಅಳುತ್ತಿಲ್ಲ, ಕತ್ತನ್ನು ದಾರ ಹೋದತ್ತ ಚಾಚಿಕೊಂಡು ನಿಂತಿದೆ.

"ಅಪ್ಪಾ, ನಾನು ಮೀನಾ?"

ದಾರವನ್ನು ಹಲ್ಲಿನಿಂದ ಕಡಿದ, ಸೊಂಟದ ಗಂಟು ಬಿಚ್ಚಲಾಗಲಿಲ್ಲ, ಆ ಹೆಮ್ಮೆಯ ಗಂಟು, ಬೆರಳೇ ತನ್ನದಲ್ಲ ಎಂಬಂತೆ, ಕೊನೆಗೆ ಮಗಳೇ ಕೂತು ಬಿಚ್ಚಿದಳು, ಸ್ಕೂಟರಿನಲ್ಲಿ ನಡುವೆ ಕೂರಿಸಿಕೊಂಡು ದಾರಿಯುದ್ದಕ್ಕೂ ತಮ್ಮನ ಎರಡು ಕೈಯನ್ನೂ ಹಿಡಿದಿದ್ದಳು, ಗಾಯ ಮುಟ್ಟಿಕೊಳ್ಳದ ಹಾಗೆ — ಬಾಗಿಲು ತೆರೆಯಿತು, ಡಾಕ್ಟರು ಕೈ ಒರೆಸಿಕೊಳ್ಳುತ್ತ ಬಂದರು, ಅವರ ತುಟಿ ಆಡುವುದು ಕಾಣುತ್ತಿದೆ, ಮಾತು ತಡವಾಗಿ ಬರುತ್ತಿದೆ, ಕಣ್ಣಿಗೇನೂ ಆಗಿಲ್ಲ, ಕೂದಲೆಳೆಯಲ್ಲಿ ಉಳೀತು, ಮೂರು ಹೊಲಿಗೆ, ಅಪ್ಪ ಗೋಡೆ ಹಿಡಿದುಕೊಂಡ, ಕಣ್ಣಿದೆ, ಕಣ್ಣಿದೆ, ಇನ್ನೇನು ಬೇಕು, ಆದರೆ ಡಾಕ್ಟರು ಹೋಗಲಿಲ್ಲ, ಕೊಕ್ಕೆ ತುಂಬಾ ಆಳಕ್ಕೆ ಇಳಿದಿತ್ತು, ಸಿಕ್ಕಿದ ಮೇಲೂ ಜಗ್ಗಿದ್ರಾ ಎಂದು ಕೇಳಿದರು, ಬೈಯುವ ದನಿಯಲ್ಲ, ಸುಮ್ಮನೆ ಚೀಟಿಯಲ್ಲಿ ಬರೆಯಲಿಕ್ಕೆ, ಇಲ್ಲ, ಬೀಸಿದ್ದು ಅಷ್ಟೇ ಎಂಬ ಮಾತು ಅವನ ಬಾಯಿಂದ ತಾನಾಗಿ ಉದುರಿತು, ಯಾರು ಆಡಿದರು ಅದನ್ನು, ಮಗಳು ನೆಲ ನೋಡುತ್ತಿದ್ದಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಹೆಜ್ಜೆ, ಅವರಮ್ಮ, ಫೋನು ಬಂದ ಕೂಡಲೇ ಹೊರಟವಳು, ಅಂಗಡಿಯ ನೀಲಿ ಕೋಟನ್ನೂ ಬಿಚ್ಚದೆ, ಎಲ್ಲಿ, ಮಗು ಎಲ್ಲಿ, ಒಳಗೆ ಹೋಗಿ ಮೂಟೆಯನ್ನು ಎತ್ತಿಕೊಂಡು ಬಂದಳು, ಪಟ್ಟಿ ಅರ್ಧ ಮುಖ ನುಂಗಿದೆ, ಅವನು ಹೆಗಲ ಮೇಲೆ ಆಗಲೇ ತೂಕಡಿಸುತ್ತಿದ್ದಾನೆ, ಹೇಗಾಯ್ತು ಎಂದು ಅವಳು ಕೇಳಿದ್ದು ಗಂಡನನ್ನು, ಹೇಳಬೇಕು, ಈಗಲೇ ಹೇಳಬೇಕು, ಎರಡು ಸಲ ಎಳೆದೆ ಕಣೇ, ಎರಡನೇ ಸಲ ಸಿಟ್ಟಿನಿಂದ, ನಾಲ್ಕೇ ಮಾತು, ಅಷ್ಟರೊಳಗೆ ಮಗಳು ಕುರ್ಚಿಯಿಂದ ಇಳಿದು ಅಮ್ಮನ ಕೋಟಿನ ಅಂಚು ಹಿಡಿದುಕೊಂಡಳು.

"ಅಪ್ಪ ಎಳೀಲೇ ಇಲ್ಲ ಅಮ್ಮ," ಎಂದಳು, "ನಾನು ನೋಡ್ತಾನೇ ಇದ್ದೆ."

ಹೇಳುವಾಗ ಅವಳು ಅಮ್ಮನನ್ನು ನೋಡಲಿಲ್ಲ, ಅವನನ್ನು ನೋಡಿದಳು, ಸರಿಯಾಗಿ ಹೇಳಿದೆನಾ ಎಂದು ಕೇಳುವ ಹಾಗೆ, ಪೆನ್ಸಿಲು ಕಳೆದುಹೋದರೂ ನಿಜವನ್ನೇ ಹೇಳಿ ಬೈಸಿಕೊಳ್ಳುವವಳು, ಅಲ್ಲ ಪುಟ್ಟಿ ಎನ್ನಬೇಕು, ಬಾಯಿ ತೆರೆದ, ಹೆಂಡತಿ ಕಾಯುತ್ತಿದ್ದಾಳೆ, ಅಲ್ಲ ಎನ್ನಹೋದರೆ — ಕಣ್ಣ ಮುಂದೆ ಮತ್ತೆ ದಾರ ಬಿಗಿಯುತ್ತದೆ, ಹುಬ್ಬಿನ ಚರ್ಮ ಮೇಲೇಳುತ್ತದೆ, ಮೂಟೆ ಕತ್ತು ಚಾಚುತ್ತಾನೆ, ಅಲ್ಲ — ದಾರ ಬಿಗಿಯುತ್ತದೆ, ಹುಬ್ಬು ಏಳುತ್ತದೆ, ಮಗು ಅಳುತ್ತಿಲ್ಲ, ದಾರ ಬಿಗಿಯುತ್ತದೆ, ಹುಬ್ಬು —