ಕಾಗದಕ್ಕಿಟ್ಟ ಕತ್ತರಿ

ಹೊರದೇಶದ ಕತ್ತರಿ ಇನ್ನು ದೇಶದೊಳಕ್ಕೆ ಬರಕೂಡದೆಂಬ ಕಾನೂನು ಪಾಸಾದ ದಿನ ಕತ್ತರಿ ಮಾಡುವವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದಕ್ಕಾಗಿ ಕಸುಬುದಾರರ ಸಂಘದವರ ಜೊತೆ ಮೆರವಣಿಗೆ ಹೋಗಿ, ಕೂಗಿ ಕೂಗಿ ಗಂಟಲು ಹರಿದುಕೊಂಡವನು ಅವನೇ. ಇಷ್ಟು ವರ್ಷ ನೊಣ ಹೊಡೆಯುತ್ತ ಕೂತಿದ್ದವನ ಬಾಗಿಲಲ್ಲಿ ಈಗ ವ್ಯಾಪಾರಿಗಳು ಕಾದು ನಿಲ್ಲತೊಡಗಿದರು. ಉಸಿರಾಡಲೂ ಪುರಸೊತ್ತಿಲ್ಲ. ಕತ್ತರಿಯನ್ನು ಹೊರಗೆ ಕಳಿಸುವ ಮುನ್ನ ಅದರ ತುದಿಯಿಂದ ಒದ್ದೆ ಬಟ್ಟೆ ಕತ್ತರಿಸಿ ನೋಡುವುದು ಅಪ್ಪನ ಕಾಲದ ಪದ್ಧತಿ. ಅದನ್ನೂ ಕೈಬಿಟ್ಟ. ಹೇಗಿದ್ದರೂ ಮಾಲು ಖರ್ಚಾಗುತ್ತಿತ್ತಲ್ಲ.

ಒಂದು ಮಧ್ಯಾಹ್ನ ಅಕ್ಕ ಬಂದಳು. ಅವಳದು ಹೊಲಿಗೆ ಕಸುಬು. ಚೀಲದಿಂದ ತೆಗೆದದ್ದು ಹಳೆಯ ಪರದೇಶದ ಕತ್ತರಿ.

"ಸ್ವಲ್ಪ ಸಾಣೆ ಹಿಡಿದು ಕೊಡೋ."

ಅವನು ಮುಖ ಗಂಟು ಹಾಕಿಕೊಂಡ. "ಮೊನ್ನೆ ನಾನು ಕೊಟ್ಟಿದ್ದು ಎಲ್ಲಿ?"

"ಇದೆ. ಕಾಗದ ಕತ್ತರಿಸೋಕೆ ಇಟ್ಕೊಂಡಿದೀನಿ."

ಹೊಲಿಯುವವರ ಮನೆಯಲ್ಲಿ ಬಟ್ಟೆಯ ಕತ್ತರಿಗೆ ಯಾರೂ ಕಾಗದ ಮುಟ್ಟಿಸುವುದಿಲ್ಲ, ಮೊಂಡಾಗುತ್ತದೆ. ಕಾಗದಕ್ಕೆ ಇಟ್ಟರೆಂದರೆ ಆ ಕತ್ತರಿಯ ಕಥೆ ಮುಗಿಯಿತು ಎಂದೇ ಅರ್ಥ. ಅಕ್ಕ ನಾಲ್ಕು ಮಾತು ಬೈದಿದ್ದರೂ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

"ಎಲ್ಲರೂ ಕೊಳ್ತಿದಾರಲ್ಲ," ಅಂದ.

"ಬೇರೆ ಸಿಗಲ್ಲ, ಕೊಳ್ತಾರೆ. ಮೊದಲಾದ್ರೆ ಚೆನ್ನಾಗಿಲ್ಲ ಅಂತ ಬಿಟ್ಟು ಹೋಗ್ತಿದ್ರು, ನಿಂಗೂ ಗೊತ್ತಾಗ್ತಿತ್ತು. ಈಗ ಯಾರು ಹೇಳ್ತಾರೆ? ಒಡಹುಟ್ಟಿದ ತಪ್ಪಿಗೆ ನಾನು ಹೇಳ್ದೆ."

ಅವನು ಸಾಣೆ ಹಿಡಿದು ಕೊಟ್ಟ. ಅವಳು ಹೋದ ಮೇಲೆ ಲಾರಿಗೆ ಕಾಯುತ್ತಿದ್ದ ಪೆಟ್ಟಿಗೆಯೊಂದನ್ನು ಬಿಚ್ಚಿ, ಬಟ್ಟೆ ಒದ್ದೆ ಮಾಡಿ, ಮೇಲಿದ್ದ ಕತ್ತರಿ ಆಡಿಸಿದ. ಅದು ಬಟ್ಟೆಯನ್ನು ಕತ್ತರಿಸಲಿಲ್ಲ, ಅಗಿಯಿತು. ಇನ್ನೊಂದೂ ಅಗಿಯಿತು. ಲಾರಿಯವನನ್ನು ಬರಿಗೈಯಲ್ಲಿ ಕಳಿಸಿ, ವ್ಯಾಪಾರಿಗಳಿಂದ ಬೈಸಿಕೊಂಡು, ಮಾಲಿಗೆಲ್ಲ ಮತ್ತೆ ಸಾಣೆ ಹಿಡಿಸಿದ. ಅಕ್ಕನಿಗಾಗಿ ಹೊಸದೊಂದನ್ನು ತಾನೇ ಕೂತು ಮಾಡಿ ಕಳಿಸಿದ. ಅವಳ ಕಡೆಯಿಂದ ಒಂದು ಮಾತೂ ಬರಲಿಲ್ಲ.

ಬಹಳ ದಿನದ ಮೇಲೆ ಅವಳ ಮನೆಗೆ ಹೋದಾಗ ಹೊಲಿಗೆಯಂತ್ರದ ಹಿಂದಿನ ಗೋಡೆಯಲ್ಲಿ ಪರದೇಶದ ಕತ್ತರಿಯೂ ಅವನು ಮಾಡಿದ್ದೂ ಅಕ್ಕಪಕ್ಕ ತೂಗುತ್ತಿದ್ದವು. ಹೇಗಿದೆ ಎಂದು ಕೇಳಲು ಬಾಯಿ ಬರಲಿಲ್ಲ. ತಂದಿದ್ದ ಬಿಸ್ಕತ್ತಿನ ಪೊಟ್ಟಣ ಬಿಚ್ಚಲು ತನ್ನ ಕತ್ತರಿಗೇ ಕೈ ಹಾಕಿದ.

ಅಕ್ಕ ಫಟ್ಟನೆ ಅವನ ಕೈ ಮೇಲೆ ಹೊಡೆದಳು.

"ಅದನ್ನ ಮುಟ್ಟಬೇಡ ಕಣೋ. ಅದು ಬಟ್ಟೆಗೆ."

ಅವನು ಖುಷಿಯಿಂದ ಪೊಟ್ಟಣವನ್ನು ಹಲ್ಲಿನಲ್ಲೇ ಹರಿದ.