ದರ್ಜಿ ಅಂಗಡಿಯ ನೆಲ

ಹಳೆಯ ಊರಿನ ನಡುವೆ ನೆಲದಡಿಯ ರೈಲು ಬರುತ್ತದೆಂಬ ಸುದ್ದಿ ಹುಟ್ಟಿದ್ದು ದರ್ಜಿ ಬದುಕಿದ್ದಾಗಲೇ. ಆಗ ಅವನು ತುಟಿಯ ನಡುವಿನ ಗುಂಡುಸೂಜಿಗಳನ್ನು ತೆಗೆಯದೆಯೇ ನಕ್ಕು, "ಬರಲಿ ಬಿಡು, ಇನ್ಮೇಲೆ ಕೆಳಗಿಂದಲೂ ಗಿರಾಕಿ ಬರ್ತಾರೆ" ಅಂದಿದ್ದ. ಈಗ ರೈಲಿನವರು ನಿಜವಾಗಿಯೂ ಬಂದಿದ್ದರು. ದರ್ಜಿ ಹೋಗಿ ವರ್ಷವಾಗಿತ್ತು.

ಕಲ್ಲು ಹಾಸಿದ ಇಕ್ಕಟ್ಟಾದ ಓಣಿಯಲ್ಲಿ ಅವನ ಮನೆ. ಮುಂದಿನ ಕೋಣೆಯೇ ಅಂಗಡಿ, ಹಿಂದಿನದರಲ್ಲಿ ಅವನ ಹೆಂಡತಿ, ಮಹಡಿಯ ಮೇಲೆ ಅವನ ತಂಗಿ. ತಂಗಿಗೆ ಅರವತ್ತು ದಾಟಿದ್ದರೂ ಅಣ್ಣ ಇಟ್ಟ ಪುಟ್ಟಿ ಎಂಬ ಹೆಸರೇ ಉಳಿದಿತ್ತು. ಅಂಗಡಿಯ ನೆಲದ ಕೆಳಗೆ ಯಾವ ಕಾಲದ್ದೋ ಒಂದು ನೆಲಮಾಳಿಗೆ ಬಾಯಿ ಮುಚ್ಚಿಕೊಂಡು ಬಿದ್ದಿತ್ತು. ಅದರಿಂದಾಗಿ ಮೆಷಿನ್ ತುಳಿದರೆ ಸದ್ದು ದೊಡ್ಡ ಹಂಡೆಯೊಳಗಿಂದ ಬಂದ ಹಾಗೆ ತುಂಬಿಕೊಂಡು ಬರುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಆ ಸದ್ದಿಗೆ ಬೆಚ್ಚುತ್ತಿದ್ದ ದರ್ಜಿಯಮ್ಮನಿಗೆ ಬರಬರುತ್ತಾ ಅದಿಲ್ಲದೆ ಸಂಜೆಯಾದಂತೆಯೇ ಅನಿಸುತ್ತಿರಲಿಲ್ಲ.

ಅವನು ಹೋದ ಮೇಲೆ ಅವಳು ದಿನವೂ ಸಂಜೆ ಪ್ರಾರ್ಥನೆ ಮುಗಿಸಿ, ಮೆಷಿನ್ನಿನ ಮೇಲಿನ ಹೊದಿಕೆ ತೆಗೆದು, ದಾರವಿಲ್ಲದೆ, ಬಟ್ಟೆಯಿಲ್ಲದೆ, ಬರೀ ಪೆಡಲ್ ತುಳಿಯುತ್ತಿದ್ದಳು. ಅವಳಿಗೆ ಹೊಲಿಗೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿ ತುಳಿದರೆ ಮನೆಯಲ್ಲಿ ಅವನಿದ್ದಾನೆ ಎಂಬಷ್ಟು ನೆಮ್ಮದಿ, ನಿಲ್ಲಿಸಿದರೆ ಇಲ್ಲ. ಮತ್ತೆ ಹೊದಿಕೆ ಹಾಕಿ, ಬಟ್ಟೆಯ ಸುರುಳಿಗಳನ್ನು ಮೊದಲಿನಂತೆ ಮೇಲಿಟ್ಟು ಬರುತ್ತಿದ್ದಳು. ಪುಟ್ಟಿ ಆ ಹೊತ್ತಿಗೆ ರೇಡಿಯೋ ಹಾಕಿಕೊಂಡು ಕೂತಿರುತ್ತಾಳೆ, ಅವಳಿಗೆ ಏನೂ ಕೇಳಿಸದು ಎಂದೇ ಅವಳ ಎಣಿಕೆ. ಕೇಳಿಸಿದ್ದರೆ ಪುಟ್ಟಿ ಸುಮ್ಮನಿರುವ ಪೈಕಿಯೇ? "ಅಂಗಡಿ ಬಾಡಿಗೆಗೆ ಕೊಡು ಅತ್ತಿಗೆ, ಆ ಕಬ್ಬಿಣ ಮಾರಿ ಹಾಕು" ಎಂದು ಎರಡು ದಿನಕ್ಕೊಮ್ಮೆ ತಲೆ ತಿನ್ನುವವಳು ಅವಳು.

ರೈಲು ಕಚೇರಿಯ ಎಂಜಿನಿಯರ್ ಹುಡುಗಿ ಬಂದು ಅಂಗಡಿಯ ಮೂಲೆಯಲ್ಲಿ ಒಂದು ಸಣ್ಣ ಪೆಟ್ಟಿಗೆ ಇಟ್ಟು ಹೋಗಿದ್ದಳು. ಸುರಂಗ ಎಲ್ಲಿ ಕೊರೆಯಬೇಕೆಂದು ಗೊತ್ತು ಮಾಡುವ ಮೊದಲು, ಹಳೆಯ ಮನೆಗಳ ನೆಲ ಸುಮ್ಮನಿದ್ದಾಗ ಎಷ್ಟು ಅದುರುತ್ತದೆಂದು ಅದು ಬರೆದುಕೊಳ್ಳುತ್ತದಂತೆ. "ಇದನ್ನೊಂದು ಮುಟ್ಟಬೇಡಿ ಅಮ್ಮ, ಅಷ್ಟೇ. ಉಳಿದಂತೆ ದಿನಾ ಹೇಗಿರ್ತೀರೋ ಹಾಗೇ ಇರಿ" ಎಂದಿದ್ದಳು. ದರ್ಜಿಯಮ್ಮ ಹಾಗೆಯೇ ಇದ್ದಳು.

ವಾರ ಕಳೆದು ಹುಡುಗಿ ಮತ್ತೆ ಬಂದಾಗ ಅವಳ ಮುಖದಲ್ಲಿ ಗೊಂದಲವಿತ್ತು. ಕತ್ತರಿಸುವ ಮೇಜಿನ ಮೇಲೆ ಕಂಪ್ಯೂಟರ್ ತೆರೆದು ತೋರಿಸಿದಳು. ನೇರವಾಗಿ ಹೋಗುತ್ತಿದ್ದ ಗೆರೆ ಅಲ್ಲಲ್ಲಿ ಹುಲ್ಲು ಮೊಳೆತಂತೆ ಎದ್ದು ನಿಂತಿತ್ತು.

"ಪ್ರತಿ ಸಂಜೆ ನೆಲ ಅದುರಿದೆ ಅಮ್ಮ. ಕೆಳಗೆ ನೀರು ಹರೀತಿರಬಹುದು ಅಂತ ನಮ್ಮ ಮೇಲಿನವರಿಗೆ ಅನುಮಾನ. ಮನೇಲಿ ಪಂಪು, ಮೆಷಿನ್ ಏನಾದ್ರೂ ನಡೆಯುತ್ತಾ?"

ದರ್ಜಿಯಮ್ಮ ಬಾಯಿ ತೆರೆಯುವ ಮೊದಲೇ ಮೆಟ್ಟಿಲ ಮೇಲಿಂದ ಪುಟ್ಟಿಯ ದನಿ ಬಂತು.

"ಎಂಥ ಮೆಷಿನ್ನು? ಹೊಲಿಯೋನೇ ಹೋದ ಮೇಲೆ ಅದನ್ನ ಮುಟ್ಟೋರು ಯಾರಿದ್ದಾರೆ? ಮೇಲೆ ಬಟ್ಟೆ ಪೇರಿಸಿಟ್ಟಿರೋದು ಕಾಣಿಸಲ್ವಾ?"

ದರ್ಜಿಯಮ್ಮ ತಲೆಯೆತ್ತಿ ನೋಡಿದಳು. ಪುಟ್ಟಿ ಅವಳತ್ತ ನೋಡಲಿಲ್ಲ.

"ಹಾಗಾದ್ರೆ ನೆಲದ್ದೇ ಇರಬೇಕು. ಈ ಓಣಿ ಬಿಡ್ತೀವಿ, ಎರಡನೇ ದಾರಿ ಹಿಡೀತೀವಿ" ಎಂದಳು ಹುಡುಗಿ.

"ಒಳ್ಳೇದಾಯ್ತು. ಎರಡನೇದು ಎಲ್ಲಿ?" ಪುಟ್ಟಿ ಕೇಳಿದಳು.

"ಹಿಂದಿನ ಓಣಿ. ಅಲ್ಲಿ ಮನೆಗಳು ಇದಕ್ಕಿಂತ ಹಳೇವು, ಮರದ ದಿಮ್ಮಿ ಮೇಲೆ ನಿಂತಿವೆ, ಕೆಳಗೆ ಕೊರೆದ್ರೆ ಬಿರುಕು ಬಿಡಬಹುದು. ಅದಕ್ಕೇ ನಮಗೆ ಇಷ್ಟ ಇರಲಿಲ್ಲ. ಏನು ಮಾಡೋದು."

ಹಿಂದಿನ ಓಣಿಯಲ್ಲಿ, ದರ್ಜಿಗೆ ಅಂಗಿಯ ಗುಂಡಿ ಕೊಡುತ್ತಿದ್ದ ಗುಂಡಿ ಅಂಗಡಿಯವನ ಮನೆ. ದರ್ಜಿಯ ಕೊನೆಯ ದಿನಗಳಲ್ಲಿ ಅವನನ್ನು ಕೂಸಿನಂತೆ ಎತ್ತಿ ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದವನು ಅವನೇ. ಅವನ ಮಗಳು ಈಗ ಬಾಣಂತಿ.

"ಈ ಓಣಿಯಲ್ಲೇ ಬಂದಿದ್ರೆ ಏನು ಮಾಡ್ತಿದ್ರಿ?" ದರ್ಜಿಯಮ್ಮ ಮೆಲ್ಲನೆ ಕೇಳಿದಳು.

"ಸ್ವಲ್ಪ ಕಾಲ ನಿಮಗೆ ಬೇರೆ ಮನೆ ಕೊಡ್ತಿದ್ವಿ. ಈ ನೆಲಮಾಳಿಗೆಗೆ ಕಾಂಕ್ರೀಟ್ ತುಂಬಿಸ್ತಿದ್ವಿ. ಆಮೇಲೆ ವಾಪಸ್ ಬರಬಹುದಿತ್ತು."

ತುಂಬಿಸುವುದು. ಹಂಡೆ ತುಂಬಿದರೆ ಸದ್ದೆಲ್ಲಿ? ದರ್ಜಿಯಮ್ಮ ಕೈ ಜೋಡಿಸಲಿಲ್ಲ, ಕಣ್ಣು ಮುಚ್ಚಲಿಲ್ಲ. ಆದರೆ ಒಳಗೊಳಗೇ ದೇವರೊಡನೆ ಒಂದು ಗಳಿಗೆ ಜಗಳವಾಡಿದಳು. ಅವನನ್ನು ತೆಗೆದುಕೊಂಡೆ, ಸದ್ದನ್ನಾದರೂ ಬಿಡಬಾರದೇ ಎಂದಳು. ಸಂಜೆ ಅದೇ ದೇವರ ಮುಂದೆ ಕೂರಬೇಕಾದವಳು ತಾನೇ ಎಂಬುದು ನೆನಪಾಯಿತು. ಎದ್ದು ಬಟ್ಟೆಯ ಸುರುಳಿಗಳನ್ನು ಒಂದೊಂದಾಗಿ ಇಳಿಸಿದಳು.

"ನೆಲ ಅಲ್ಲಮ್ಮ, ನಾನು" ಅಂದಳು.

ಹುಡುಗಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ನಗಲಿಲ್ಲ. "ಒಂದ್ಸಲ ತುಳಿದು ತೋರಿಸ್ತೀರಾ? ಆ ಗುರುತಿಗೂ ಇದಕ್ಕೂ ಹೊಂದುತ್ತಾ ನೋಡಬೇಕು" ಎಂದು ಪೆಟ್ಟಿಗೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು.

ಹಾಡುಹಗಲಲ್ಲಿ, ಇಬ್ಬರ ಕಣ್ಣೆದುರಿಗೆ, ದರ್ಜಿಯಮ್ಮ ಹೊದಿಕೆ ತೆಗೆದು ಮೆಷಿನ್ನಿಗೆ ಕೂತಳು. ಪೆಡಲ್ ಅರ್ಧಕ್ಕೆ ಹೋಗಿ ಹಿಂದಕ್ಕೆ ಒದೆಯಿತು. ಮತ್ತೆ ತುಳಿದಳು, ಮತ್ತೆ ತೊಡರಿತು. ಮೆಟ್ಟಿಲಿಂದ ಪುಟ್ಟಿ ದಡದಡನೆ ಇಳಿದು ಬಂದಳು. ಬೈಗುಳಕ್ಕೆ ದರ್ಜಿಯಮ್ಮ ಮೈ ಬಿಗಿಹಿಡಿದು ಕೂತಳು.

"ಹಾಗಲ್ಲ ಅತ್ತಿಗೆ. ಹಿಮ್ಮಡಿ ಊರು, ಆಮೇಲೆ ಬೆರಳು. ಎಷ್ಟು ದಿನದಿಂದ ಕೇಳ್ತಿದ್ದೀನಿ, ಒಂದೇ ಸಮ ಓಡಿಸ್ತೀಯ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ. ಅವನು ಕಾಲರಿನ ತಿರುವಿಗೆ ಬಂದಾಗ ನಿಧಾನ ಮಾಡ್ತಿದ್ದ. ನಿಲ್ಲಿಸ್ತಿದ್ದ. ಬಟ್ಟೆ ತಿರುಗಿಸಿ ಮತ್ತೆ ಹಿಡೀತಿದ್ದ."

"ನಿನಗೆ ಕೇಳಿಸ್ತಿತ್ತಾ? ರೇಡಿಯೋ..."

"ಆ ಹೊತ್ತಿಗೆ ಯಾವತ್ತು ಹಾಕಿದ್ದೀನಿ ರೇಡಿಯೋ?" ಎಂದು ಪುಟ್ಟಿ ಮುಖ ತಿರುಗಿಸಿದಳು.

ದರ್ಜಿಯಮ್ಮ ತುಳಿದಳು. ನೆಲ ಗುಂಯ್ಗುಟ್ಟಿತು, ಕಂಪ್ಯೂಟರಿನ ಗೆರೆಯಲ್ಲಿ ಹುಲ್ಲು ಮೊಳೆಯಿತು. ಹುಡುಗಿ ತಲೆಯಾಡಿಸಿದಳು. "ಇದೇ ಅಮ್ಮ. ಇದು ನೆಲದ್ದಲ್ಲ, ಹಾಗಾಗಿ ಲೆಕ್ಕದಿಂದ ಇದನ್ನ ತೆಗೆದುಬಿಡಬೇಕು."

"ತೆಗೆದು ಎಲ್ಲಿಗೆ ಹಾಕ್ತೀರಿ?"

ಹುಡುಗಿ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು, ಬಾಗಿಲಲ್ಲಿ ನಿಂತು, "ಇಲ್ಲಿ ಕೆಲಸ ಶುರುವಾಗೋಕೆ ಇನ್ನೂ ತಿಂಗಳುಗಳಿವೆ. ಅಲ್ಲಿವರೆಗೂ ದಿನಾ ಹೇಗಿರ್ತೀರೋ ಹಾಗೇ ಇರಿ" ಎಂದು ಹೋದಳು.

ಮಧ್ಯಾಹ್ನ ಪುಟ್ಟಿ ಅತ್ತಿಗೆಯ ತಟ್ಟೆಗೆ ಬಡಿಸಿದ್ದು ಎಂದಿಗಿಂತ ಹೆಚ್ಚಿತ್ತು. ಸಂಜೆ ದರ್ಜಿಯಮ್ಮ ಪ್ರಾರ್ಥನೆ ಮುಗಿಸಿ ಬಂದಾಗ ಅವಳು ಅಂಗಡಿಯಲ್ಲಿ ಕತ್ತರಿಸುವ ಮೇಜಿಗೆ ಒರಗಿ ನಿಂತಿದ್ದಳು.

"ಸುಳ್ಳು ಹೇಳಿ ಉಳಿಸಿಕೊಟ್ಟಿದ್ದೆ, ನೀನು ಕಳೆದೆ" ಎಂದಳು. ಕೋಪದ ಮಾತು, ದನಿಯಲ್ಲಿ ಕೋಪವಿರಲಿಲ್ಲ.

"ಗುಂಡಿ ಅಂಗಡಿಯವನ ಮುಖ ಹೇಗೆ ನೋಡ್ತಿದ್ದೆವು ಪುಟ್ಟಿ?"

ದರ್ಜಿಯಮ್ಮ ಹೊದಿಕೆ ತೆಗೆದಳು, ಆದರೆ ಕೂರಲಿಲ್ಲ. ಸ್ಟೂಲನ್ನು ನಾದಿನಿಯತ್ತ ತಳ್ಳಿದಳು.

"ಇವತ್ತು ನೀನು ಕೂತ್ಕೋ. ಆ ತಿರುವು ನಂಗೆ ಬರಲ್ಲ."

"ನೀನು?"

"ನಾನು ಮೇಲಿರ್ತೀನಿ."

ಮಹಡಿಯ ಕೋಣೆಯಲ್ಲಿ ಪುಟ್ಟಿಯ ಕುರ್ಚಿ ಕಿಟಕಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿತ್ತು. ಅದರ ಮುಂದೆ ಚಾಪೆ ಸರಿದು, ಎರಡು ಪಾದ ಹಿಡಿಯುವಷ್ಟು ಮರದ ನೆಲ ಬರಿದಾಗಿತ್ತು, ಸವೆದು ನುಣುಪಾಗಿತ್ತು. ದರ್ಜಿಯಮ್ಮ ಕುರ್ಚಿಯಲ್ಲಿ ಕೂತು ಅಲ್ಲಿ ಬರಿಗಾಲಿಟ್ಟಳು.

ಕೆಳಗೆ ಮೆಷಿನ್ ಹೊರಟಿತು. ಮೊದಲು ಓಟ, ಆಮೇಲೆ ನಿಧಾನ, ಆಮೇಲೆ ನಿಂತಿತು. ಈಗ ಬಟ್ಟೆ ತಿರುಗಿಸುತ್ತಿದ್ದಾನೆ ಎಂದುಕೊಂಡು ಅವಳು ಉಸಿರು ಬಿಗಿಹಿಡಿದಳು. ಮತ್ತೆ ಹೊರಟಿತು. ಸದ್ದು ಪಾದದಿಂದ ಮೊಣಕಾಲಿಗೆ, ಅಲ್ಲಿಂದ ಮೇಲಕ್ಕೆ ಹತ್ತಿ ಬಂತು. ತುಳಿಯುವವರು ಯಾರೆಂದು ಇಲ್ಲಿಂದ ಕಾಣುವಂತಿರಲಿಲ್ಲ. ಅವಳು ಕಣ್ಣು ತೆರೆದುಕೊಂಡೇ ಕೂತಿದ್ದಳು.